ಪದ ಬೇಕು: ‘ಹಾರ್ಟ್‌ಬೀಟ್ ಬರುತ್ತಿಲ್ಲ’ ಅನ್ನೋದನ್ನು ಪರದೆ ಮೇಲೆ ಹೇಗೆ ಬರೆಯೋದು?

ಸುಂಟಿಕೊಪ್ಪದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಮುಂಗಾರು ಹಿಡಿಯುವ ಮೊದಲು ಪರದೆ ಬರಹ ಮುಗಿಸಿ ಕೊಡಬೇಕು.

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಯಂತ್ರ ಇಟ್ಟಿದ್ದೇವೆ. ಅದರೊಳಗೆ ಒಂದು ಪುಟ್ಟ ಬಕೆಟ್ ಇದೆ. ತುಂಬಿದಾಗ ಮಗುಚುತ್ತದೆ. ಎಷ್ಟು ಸಲ ಮಗುಚಿತು ಅಂತ ಒಂದು ಪ್ರೋಗ್ರಾಂ ಎಣಿಸುತ್ತದೆ, ಲೆಕ್ಕ ಆಫೀಸಿನ ಪರದೆಗೆ ಬರುತ್ತದೆ. ಇಲ್ಲಿಯ ಬೆಳೆಗಾರರಿಗೆ ಮಿಲಿಮೀಟರ್ ಬೇಡ, ಇಂಚು–ಸೆಂಟೇ ಆಗಬೇಕು (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್). ಹಾಗೇ ತೋರಿಸುತ್ತೇವೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಈ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿತು. ಕ್ರ್ಯಾಶ್ ಆಗಿರಲಿಲ್ಲ. ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಹೆಸರಿತ್ತು, ನಂಬರೂ ಇತ್ತು. ಆದರೆ ಪರದೆ ಮೇಲಿನ ‘70 ಸೆಂಟ್’ ಬೆಳಗಿನವರೆಗೂ ಕದಲಲಿಲ್ಲ. ಆಫೀಸು ಇರುವುದು ಕೆಳಗೆ, ಯಂತ್ರ ಇರುವುದು ಮೇಲಿನ ತೋಟದಲ್ಲಿ. ಕೆಳಗೆ ಮಳೆ ಬಿಟ್ಟಿತ್ತು. ಮೇಲೂ ಬಿಟ್ಟಿದೆ ಅಂತ ರೈಟರು (ತೋಟದ ಲೆಕ್ಕ ಬರೆಯುವವರು) ಅಂದುಕೊಂಡರು. ಮೇಲೆ ಸುರಿಯುತ್ತಲೇ ಇತ್ತು. 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತ ಕಂಡ ಊರು ನಮ್ಮದು. ಗುಡ್ಡದ ಮೇಲಿನ ಮಳೆ ಗೊತ್ತಾಗದಿದ್ದರೆ ಅದು ಸಣ್ಣ ವಿಷಯ ಅಲ್ಲ.

ಅದಕ್ಕೇ ಈಗ ಹಾರ್ಟ್‌ಬೀಟ್ ಲೈಬ್ರರಿ (ಅದಕ್ಕೆ ಬೇಕಾದ ಸಿದ್ಧ ಕೋಡ್) ಸೇರಿಸಿದ್ದೇವೆ. ಎಣಿಸುವ ಪ್ರೋಗ್ರಾಂ ಆಗಾಗ ‘ಇದ್ದೇನೆ’ ಅಂತ ತಿಳಿಸುತ್ತದೆ. ಇನ್ನೊಂದು ಪ್ರೋಗ್ರಾಂ ಅದನ್ನು ಕಾಯುತ್ತದೆ. ಇಷ್ಟು ಹೊತ್ತು ಏನೂ ಬರದಿದ್ದರೆ ಕೊಂದು ಮತ್ತೆ ಎಬ್ಬಿಸುತ್ತದೆ. ನನಗೆ ಬೇಕಾದ್ದು ಮೂರು ಸಾಲು: ಹಾರ್ಟ್‌ಬೀಟ್ ಬರುತ್ತಿದೆ, ಹಾರ್ಟ್‌ಬೀಟ್ ಬರುತ್ತಿಲ್ಲ, ರೀಸ್ಟಾರ್ಟ್ ಆಗಿದೆ. ‘ಹೃದಯಬಡಿತ ನಿಂತಿದೆ’ ಅಂತ ಹಾಕಲಾ?


ವಿರಾಜಪೇಟೆಯಿಂದ:

> ‘ಹೃದಯಬಡಿತ ನಿಂತಿದೆ’ ಅಂತ ಹಾಕಲಾ?

ಬೇಡ. ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ದೋಷ. 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಹೇಳಿ ಮುಗಿಸಿದ ವಿಷಯ. ‘ಹೃತ್ಸ್ಪಂದನ’ ಅಂತ ಬರೆಯಿರಿ.


ಸೋಮವಾರಪೇಟೆಯಿಂದ:

ಹೃತ್ಸ್ಪಂದನವಾ? ರಾತ್ರಿ ಪಾಳಿಯ ರೈಟರು ಓದಬೇಕಾದ ಪರದೆಗೆ? ‘ಮಳೆಗಾಲ’ ಕೂಡ ಅರಿಸಮಾಸವೇ. ಅದನ್ನು ಬಿಟ್ಟು ಕೊಡಗಿನಲ್ಲಿ ಮಾತಾಡೋಕೆ ಆಗುತ್ತಾ? ಹಿಂದಿನ ಕವಿಗಳು ಬಳಸಿದ್ದರೆ, ಬಿರುದುಗಳಲ್ಲಿ ಬಂದಿದ್ದರೆ ದೋಷವಿಲ್ಲ ಅಂತ ಅದೇ ಶಾಸ್ತ್ರ ಬಾಗಿಲು ತೆರೆದಿಟ್ಟಿದೆ. ಕವಿಗಳಿಗೆ ಇರುವ ಸಲಿಗೆ ತೋಟದವರಿಗೂ ಇರಲಿ.

ನನ್ನ ಮಟ್ಟಿಗೆ ಪದ ಒಂದೇ: ಮಿಡಿತ. ತಂತಿ ಮಿಡಿಯುತ್ತೇವೆ, ನಾಡಿ ಮಿಡಿಯುತ್ತದೆ, ಮನಸ್ಸು ಮಿಡಿಯುತ್ತದೆ. ತಟ್ಟನೆ ಹಾರುವ ಮಿಡತೆಯ ಹೆಸರಿನಲ್ಲೂ ಇದೇ ಬೇರು ಇದೆ. ಸಣ್ಣದಾಗಿ, ಮತ್ತೆ ಮತ್ತೆ, ತಾನಾಗಿ ಆಗುವ ಚಲನೆಗೆ ಕನ್ನಡ ಇಟ್ಟಿರುವ ಪದ ಇದು. ಇಷ್ಟು ಚೆನ್ನಾಗಿರುವುದನ್ನು ಬಿಟ್ಟು ಬೇರೆ ಕಡೆ ಕೈ ಚಾಚುವುದು ನನಗೆ ಅರ್ಥವಾಗುವುದಿಲ್ಲ. ಬರುತ್ತಿಲ್ಲ ಅನ್ನೋದಕ್ಕೆ ‘ಓಗೊಡುತ್ತಿಲ್ಲ’ ಅನ್ನಿ. ಎರಡೂ ಅಚ್ಚಗನ್ನಡ, ಯಾರ ಹಂಗೂ ಇಲ್ಲ.


ಕುಶಾಲನಗರದಿಂದ:

ಮಿಡಿ ಅಂದರೆ ನಮ್ಮಲ್ಲಿ ಉಪ್ಪಿನಕಾಯಿ.

ಹಾರ್ಟ್‌ಬೀಟ್ ಅಂತಲೇ ಇರಲಿ. ಲಾಗ್‌ನಲ್ಲಿ (ಪ್ರೋಗ್ರಾಂ ಬರೆದಿಡುವ ದಾಖಲೆಯಲ್ಲಿ) ಅದೇ ಹೆಸರು, ಕೋಡ್‌ನಲ್ಲಿ ಅದೇ ಹೆಸರು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಅನ್ನುವ ಸುರಕ್ಷತಾ ಲೈಬ್ರರಿಯಲ್ಲಿ ಸಿಕ್ಕ ದೋಷಕ್ಕೆ ಹಾರ್ಟ್‌ಬ್ಲೀಡ್ ಅಂತ ಹೆಸರು ಬಂದದ್ದೇ ಅದು ಹಾರ್ಟ್‌ಬೀಟ್ ಅನ್ನುವ ಭಾಗದಲ್ಲಿ ಇತ್ತು ಅಂತ. ನೀವು ಮಿಡಿತ ಅಂತ ಬರೆದರೆ ನಾಳೆ ರಿಪೇರಿಗೆ ಬಂದ ಹುಡುಗ ಏನಂತ ಹುಡುಕಬೇಕು?


ಪೊನ್ನಂಪೇಟೆಯಿಂದ:

ಕೊಡಗಿನ ತೋಟಕ್ಕೆ ಕೊಡಗಿನ ಪದ ಯಾಕಿರಬಾರದು? ‘ದುಡಿ’ ಇದೆಯಲ್ಲ. ತಾಳ ತಪ್ಪದೆ ಬಡಿಯುವ ವಾದ್ಯ. ‘ದುಡಿ ನಿಂತಿದೆ’ ಅಂದರೆ ಹಾಡು ನಿಂತಿದೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತಾಗುತ್ತದೆ.


ಸೋಮವಾರಪೇಟೆಯಿಂದ:

ಆಗದು. ಬಯಲುಸೀಮೆಯಿಂದ ಬಂದವರಿಗೆ ದುಡಿ ಅಂದರೆ ದುಡಿಯುವುದು. ‘ದುಡಿ ನಿಂತಿದೆ’ ಅಂತ ಓದಿ ಕೆಲಸಕ್ಕೆ ರಜೆ ಅಂದುಕೊಳ್ಳುತ್ತಾರೆ.


ಮಡಿಕೇರಿಯಿಂದ:

ಪದದ ಜಗಳ ಆಮೇಲೆ. ಇಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಅಂತ ಮೊದಲು ನೋಡೋಣ. ನಾನು ಇದೇ ಕೆಲಸದವನು. ಸ್ವಲ್ಪ ಉದ್ದ ಆಗುತ್ತದೆ, ಓದಿ.

‘ಓಗೊಡು’ ನನಗೂ ಇಷ್ಟದ ಪದ. ಆದರೆ ಓಗೊಡಬೇಕಾದರೆ ಮೊದಲು ಯಾರಾದರೂ ಕರೆಯಬೇಕು ಅಲ್ವಾ? ಪಿಂಗ್ ಮಾಡುತ್ತೇವಲ್ಲ, ಅದು ಕರೆಯುವುದು. ಅದಕ್ಕೆ ಉತ್ತರ ಬಂದರೆ ಓಗೊಟ್ಟಿತು ಅನ್ನಬಹುದು. ಹಾರ್ಟ್‌ಬೀಟ್‌ನಲ್ಲಿ ಕರೆಯುವವರು ಯಾರೂ ಇಲ್ಲ. ಪ್ರೋಗ್ರಾಂ ತನ್ನ ಪಾಡಿಗೆ ‘ಇದ್ದೇನೆ’ ಅನ್ನುತ್ತಿರುತ್ತದೆ, ಕಾಯುವವನು ಕಿವಿಗೊಟ್ಟು ಕೂತಿರುತ್ತಾನೆ. ಗದ್ದೆ ಕಾಯುವಾಗ ಅಟ್ಟಣೆ ಮೇಲಿನವರು ಆಗಾಗ ಕೂಗು ಹಾಕುವ ಹಾಗೆ. ಒಂದು ಅಟ್ಟಣೆಯಿಂದ ಕೂಗು ಬರದಿದ್ದರೆ ಪಕ್ಕದವನು ಟಾರ್ಚ್ ಹಿಡಿದು ಏಳುತ್ತಾನೆ. ಅಲ್ಲಿ ಆನೆ ಬಂದಿದೆಯೋ, ಅವನಿಗೆ ನಿದ್ದೆ ಹತ್ತಿದೆಯೋ ಇವನಿಗೆ ಗೊತ್ತಿಲ್ಲ. ಕೂಗು ಬರಲಿಲ್ಲ ಅನ್ನೋದು ಮಾತ್ರ ಗೊತ್ತು.

ನನ್ನ ತಕರಾರು ಇರುವುದು ಇಲ್ಲೇ. ಕಾಯುವ ಪ್ರೋಗ್ರಾಂಗೂ ಗೊತ್ತಿರುವುದು ಅಷ್ಟೇ. ಎಣಿಸುವ ಲೂಪ್ (ಮತ್ತೆ ಮತ್ತೆ ಸುತ್ತುವ ಕೋಡ್) ಡೆಡ್‌ಲಾಕ್ ಆಗಿ, ಅಂದರೆ ಒಂದಕ್ಕೊಂದು ಕಾಯುತ್ತಾ, ಸಿಕ್ಕಿಕೊಂಡಿರಬಹುದು. ಮೆಮೊರಿ ಕಾರ್ಡ್ ನಿಧಾನವಾಗಿ, ಅದರಲ್ಲಿ ಬರೆದು ಮುಗಿಯಲಿ ಅಂತ ಪ್ರೋಗ್ರಾಂ ಕಾಯುತ್ತಿರಬಹುದು. ನಡುವಿನ ನೆಟ್‌ವರ್ಕ್ ಹೋಗಿರಬಹುದು. ‘ನಿಂತಿದೆ’, ‘ಸತ್ತಿದೆ’ ಅಂತ ಬರೆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆದಂತೆ. ಅದು ಪರದೆ ಹೇಳುವ ಸುಳ್ಳು. ರೈಟರು ಒಮ್ಮೆ ಸುಳ್ಳು ಕಂಡರೆ ಮತ್ತೆ ಆ ಪರದೆ ನಂಬುವುದಿಲ್ಲ.

ಎದೆಬಡಿತವೂ ಬೇಡ. ನಾವು ಎದೆಬಡಿತದ ಮಾತು ಎತ್ತುವುದೇ ಹೆದರಿಕೆ ಆದಾಗ, ಇಲ್ಲವೇ ಡಾಕ್ಟರ ಹತ್ತಿರ. ರಾತ್ರಿ ಎರಡು ಗಂಟೆಗೆ ಪರದೆ ಮೇಲೆ ಕೆಂಪಕ್ಷರದಲ್ಲಿ ಎದೆಬಡಿತ ಅಂತ ಕಂಡರೆ ಓದಿದವರ ಎದೆ ಹೊಡೆದುಕೊಳ್ಳುತ್ತದೆ.

ನಾನು ಹೇಳುವ ಪದ ‘ಸದ್ದು’. ‘ಮೇಲಿನ ತೋಟದಿಂದ ಸದ್ದೇ ಇಲ್ಲ’ ಅಂತ ನಾವು ಫೋನಿನಲ್ಲಿ ದಿನಾ ಅನ್ನುತ್ತೇವೆ. ಯಾರೂ ಅದನ್ನು ಶಬ್ದ ಕೇಳಿಸಲಿಲ್ಲ ಅಂತ ತಿಳಿಯುವುದಿಲ್ಲ. ಅವರ ಕಡೆಯಿಂದ ಏನೂ ಬಂದಿಲ್ಲ, ಯಾಕೆ ಅಂತ ಗೊತ್ತಿಲ್ಲ, ಹೋಗಿ ನೋಡಬೇಕು ಅಂತ ತಿಳಿಯುತ್ತಾರೆ. ನಮಗೆ ಬೇಕಾದ ಅರ್ಥ ಕೂದಲೆಳೆ ಆಚೀಚೆ ಆಗದೆ ಅದರಲ್ಲಿದೆ.

ಪದದಷ್ಟೇ ಮುಖ್ಯವಾದ ಇನ್ನೊಂದು ಮಾತು. ಸದ್ದು ಎಲ್ಲಿಂದ ಕಳಿಸುತ್ತಿದ್ದೀರಿ? ಕೆಲವರು ಅದಕ್ಕೇ ಬೇರೆ ಥ್ರೆಡ್ (ಅದೇ ಪ್ರೋಗ್ರಾಂನಲ್ಲಿ ಪಕ್ಕದಲ್ಲಿ ಬೇರೆಯಾಗಿ ಓಡುವ ಎಳೆ) ಇಡುತ್ತಾರೆ. ಎಣಿಸುವ ಲೂಪ್ ಸಿಕ್ಕಿಕೊಂಡರೂ ಆ ಥ್ರೆಡ್ ‘ಇದ್ದೇನೆ, ಇದ್ದೇನೆ’ ಅನ್ನುತ್ತಲೇ ಇರುತ್ತದೆ. ಆಗ ಲೈಬ್ರರಿ ಹಾಕಿಯೂ ಹಾಕದಂತೆ. ಎಣಿಸುವ ಲೂಪಿನೊಳಗೇ ಇಡಿ. ಅದೂ ಬಕೆಟ್ ಮಗುಚಿದಾಗ ಅಲ್ಲ, ಮಗುಚಿದೆಯಾ ಅಂತ ಒಂದು ಸುತ್ತು ನೋಡಿ ಮುಗಿಸಿದಾಗ. ಇಲ್ಲದಿದ್ದರೆ ಮಳೆ ಬಿಟ್ಟ ದಿನವೆಲ್ಲ ಅಲಾರಂ ಹೊಡೆದುಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದರೂ ಬಕೆಟಿನ ವೈರು ಕಿತ್ತಿದ್ದರೆ ಸದ್ದು ಬರುತ್ತಲೇ ಇರುತ್ತದೆ, ಮಳೆ ಮಾತ್ರ ಸೊನ್ನೆ ಅಂತ ತೋರಿಸುತ್ತದೆ. ಸದ್ದಿದೆ ಅಂದಮಾತ್ರಕ್ಕೆ ಲೆಕ್ಕ ಸರಿ ಅಂತ ಅಲ್ಲ.

ಎಷ್ಟು ಹೊತ್ತು ಕಾಯಬೇಕು ಅನ್ನೋದೂ ನೋಡಿಕೊಳ್ಳಿ. ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿ ನೋಡಿಕೊಳ್ಳುವ ಏರ್ಪಾಡು) ವಾಚ್‌ಡಾಗ್ ಸಮಯ, ಅಂದರೆ ಕಾಯುವ ಗಡುವು, ಇಟ್ಟರೆ ಅದರ ಅರ್ಧ ಹೊತ್ತಿಗೊಮ್ಮೆ ತಿಳಿಸಿ ಅಂತ ಅವರೇ ಹೇಳುತ್ತಾರೆ. ಎರ್ಲಾಂಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದೇ ಕೆಲಸ ಮಾಡುವ ‘ಹಾರ್ಟ್’ ಸುಮ್ನೆ ಬಿಟ್ಟರೆ 60 ಸೆಕೆಂಡು ಕಾಯುತ್ತದೆ. ಮಳೆ ಲೆಕ್ಕಕ್ಕೆ ಅಷ್ಟು ಅವಸರ ಇಲ್ಲ. ಜಾಸ್ತಿ ಬಿಗಿ ಮಾಡಿದರೆ ಚೆನ್ನಾಗಿ ನಡೆಯುತ್ತಿರುವ ಪ್ರೋಗ್ರಾಂ ಅನ್ನೇ ಮತ್ತೆ ಮತ್ತೆ ಕೊಲ್ಲುತ್ತೀರಿ.


ಸೋಮವಾರಪೇಟೆಯಿಂದ:

‘ಸದ್ದು’ ಶಬ್ದದ ತದ್ಭವ. ಕನ್ನಡದ್ದಲ್ಲ. ‘ಉಲಿ’ ಇದೆ, ‘ದನಿ’...

ದನಿಯೂ ಧ್ವನಿಯ ತದ್ಭವವೇ ಬಿಡಿ. ‘ಉಲಿ’ ಅನ್ನಿ.


ವಿರಾಜಪೇಟೆಯಿಂದ:

ತದ್ಭವ ಆದ ಮೇಲೆ ಅದು ಕನ್ನಡವೇ. ಸಾವಿರ, ಬಣ್ಣ, ಹಕ್ಕಿ ಎಲ್ಲವನ್ನೂ ಹೊರಗೆ ಹಾಕುತ್ತೀರಾ? ಶಾಸ್ತ್ರ ಬಲ್ಲವರು ಹೀಗೆ ಹೇಳುವುದಿಲ್ಲ. ಸದ್ದು ನನಗೆ ಒಪ್ಪಿಗೆ.


ಸೋಮವಾರಪೇಟೆಯಿಂದ:

ಹಕ್ಕಿ ಬಗ್ಗೆ ಬೇರೆ ಚರ್ಚೆ ತೆಗೆಯಿರಿ. ಅಲ್ಲಿ ಉತ್ತರ ಕೊಡುತ್ತೇನೆ.

ನನಗೆ ನೋವಿರುವುದು ಒಂದು ಪದದ ಬಗ್ಗೆ ಅಲ್ಲ. ಮಗ್ಗದವರು, ಕುಂಬಾರರು, ಬೇಸಾಯದವರು ತಮ್ಮ ಕೆಲಸಕ್ಕೆ ಬೇಕಾದ ಪದವನ್ನು ತಾವೇ ಕಟ್ಟಿಕೊಂಡರು. ಕಂಪ್ಯೂಟರ್ ಕೆಲಸದವರು ಮಾತ್ರ ಕಟ್ಟುವ ಗೋಜಿಗೇ ಹೋಗಲಿಲ್ಲ. ಇರುವ ಪದ ಹೇಳಿದರೂ ಹುಡುಕೋಕೆ ಕಷ್ಟ ಅನ್ನುತ್ತೀರಿ. ಒಮ್ಮೆ ಮಿಡಿತ ಅಂತ ಬರೆದು ನೋಡಿ. ಒಂದು ಮಳೆಗಾಲ ಕಳೆದರೆ ಬಾಯಿಗೆ ಬರುತ್ತದೆ.


ಕುಶಾಲನಗರದಿಂದ:

ಬೇಸಾಯದವರೂ ತಂದುಕೊಂಡೇ ಬದುಕಿದ್ದು. ರೈಟರು, ಎಸ್ಟೇಟು, ಪಲ್ಪರು, ಇಂಚು, ಸೆಂಟು. ಕಾಫಿ ಅನ್ನುವ ಹೆಸರೂ ಅರಬ್ಬಿ ಕಡೆಯಿಂದ ಬಂದದ್ದೇ. ಇದನ್ನೆಲ್ಲ ತೆಗೆದರೆ ತೋಟದಲ್ಲಿ ಉಳಿಯುವುದು ಕೆಸರು ಮತ್ತು ಜಿಗಣೆ.


ಪೊನ್ನಂಪೇಟೆಯಿಂದ:

ದುಡಿ ಬೇಡ ಅಂದದ್ದಕ್ಕೆ ಬೇಸರವಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಆ ಪರದೆ ಓದುವವರಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆ ಆಡುವವರು, ಮಲಯಾಳ, ತುಳು ಆಡುವವರು ಎಲ್ಲ ಇದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಕನ್ನಡ ಶಾಲೆಯಲ್ಲಿ, ಪೇಟೆಯಲ್ಲಿ ಕಲಿತ ಭಾಷೆ. ಹೃತ್ಸ್ಪಂದನವೂ ಉಲಿಯೂ ಅವರಿಗೆ ಒಂದೇ ದೂರ. ಶುದ್ಧವೋ ಅಲ್ಲವೋ ಅಂತ ನೀವು ಅಳೆಯುತ್ತಿದ್ದೀರಿ. ಅವರಿಗೆ ಬೇಕಾದ್ದು ತಟ್ಟನೆ ಅರ್ಥವಾಗುವ ಮಾತು. ಸದ್ದು ಎಲ್ಲರಿಗೂ ಗೊತ್ತು.


ಸುಂಟಿಕೊಪ್ಪದಿಂದ:

ಎಲ್ಲರಿಗೂ ಥ್ಯಾಂಕ್ಸ್. ಬರಹ ಕಳಿಸುವ ಹೊತ್ತಾಯಿತು, ಹೀಗೆ ಹಾಕುತ್ತಿದ್ದೇನೆ:

ಮೇಲಿನ ತೋಟ: ಸದ್ದಿದೆ
ಮೇಲಿನ ತೋಟ: 5 ನಿಮಿಷದಿಂದ ಸದ್ದಿಲ್ಲ
ಮೇಲಿನ ತೋಟ: ಸದ್ದಿರಲಿಲ್ಲ, ಮತ್ತೆ ಶುರು ಮಾಡಿದೆ

ಕೋಡ್‌ನಲ್ಲಿ, ಲಾಗ್‌ನಲ್ಲಿ ಹಾರ್ಟ್‌ಬೀಟ್ ಹಾಗೇ ಇರುತ್ತದೆ. ಕುಶಾಲನಗರದವರು ಹೇಳಿದ್ದು ಸರಿ, ರಿಪೇರಿಯವರಿಗೆ ಅದು ಬೇಕು. ಮಿಡಿತವನ್ನು ಕೈಪಿಡಿಯಲ್ಲಿ ಈ ಏರ್ಪಾಡು ಹೇಗೆ ನಡೆಯುತ್ತದೆ ಅಂತ ವಿವರಿಸುವ ಪುಟದಲ್ಲಿ ಬಳಸುತ್ತೇನೆ. ಅಲ್ಲಿ ನಿಧಾನವಾಗಿ ಓದೋಕೆ ಜಾಗವಿದೆ, ಪದ ಚೆನ್ನಾಗಿ ಕೂರುತ್ತದೆ.

ಮಡಿಕೇರಿಯವರ ಮಾತು ಕೇಳಿ ಇನ್ನೊಂದು ಬದಲಾವಣೆ ಮಾಡಿದೆ. ಸದ್ದಿಲ್ಲದಾಗ ಹಳೆಯ ಅಂಕಿ ಬೂದು ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ‘70 ಸೆಂಟ್, ರಾತ್ರಿ 11.40ರ ಲೆಕ್ಕ’ ಅಂತ ಬರುತ್ತದೆ. ಅಂಕಿ ಯಾವ ಹೊತ್ತಿನದು ಅಂತ ನೋಡಿದವರಿಗೆ ಗೊತ್ತಾಗಬೇಕು.

ಒಂದು ಸಾಲು ಮಾತ್ರ ಉಳಿದಿದೆ. ಇಲ್ಲಿ ಮಳೆ ಜೋರಾದರೆ ಕರೆಂಟ್ ಹೋಗುತ್ತದೆ. ಆಗ ಎಣಿಸುವ ಪ್ರೋಗ್ರಾಂ, ಅದನ್ನು ಕಾಯುವ ಪ್ರೋಗ್ರಾಂ ಎರಡೂ ಒಟ್ಟಿಗೆ ಆರುತ್ತವೆ. ಹೇಳೋಕೆ ಅಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಆಫೀಸಿನ ಕಂಪ್ಯೂಟರೇ ಇಡೀ ಯಂತ್ರದ ಮೇಲೆ ಬೇರೆಯಾಗಿ ಕಣ್ಣಿಡುತ್ತದೆ. ಪ್ರೋಗ್ರಾಂ ಒಂದರ ಸದ್ದಿಲ್ಲ ಅನ್ನೋದಕ್ಕೂ ಇಡೀ ಯಂತ್ರದ ಸದ್ದಿಲ್ಲ ಅನ್ನೋದಕ್ಕೂ ವ್ಯತ್ಯಾಸ ಕಾಣಬೇಕು. ಮೊದಲನೆಯದಕ್ಕೆ ಕಾದರೆ ಸಾಕು. ಎರಡನೆಯದಕ್ಕೆ ಯಾರಾದರೂ ಜೀಪು ಹತ್ತಬೇಕು. ‘ಯಂತ್ರದಿಂದಲೇ ಸದ್ದಿಲ್ಲ’ ಅಂದರೆ ಸಾಕಾ, ಇನ್ನೂ ಬಿಡಿಸಿ ಹೇಳಬೇಕಾ? ಇವತ್ತು ಸಂಜೆಯೊಳಗೆ ತಿಳಿಸಿ.


ಮಡಿಕೇರಿಯಿಂದ:

‘ಯಂತ್ರದಿಂದಲೇ ಸದ್ದಿಲ್ಲ, ಕರೆಂಟ್ ನೋಡಿ’ ಅಂತ ಹಾಕಿ. ಮುಂದೇನು ಮಾಡಬೇಕು ಅನ್ನೋದೂ ಅದರಲ್ಲೇ ಬಂತು.