ಅಪ್‌ಡೇಟ್: ಈಸ್ಟರ್ ರಜೆಯಲ್ಲಿ ಬ್ರಸೆಲ್ಸ್, ಪ್ಯಾರಿಸ್ ನೋಡಿ ಬಂದೆ

ಜರ್ಮನಿಯ ಕಲೋನ್‌ನಲ್ಲಿ ಓದುತ್ತಿದ್ದೇನೆ, ಈಸ್ಟರ್ ರಜೆಯಲ್ಲಿ ಕಡಿಮೆ ದುಡ್ಡಲ್ಲಿ ಬ್ರಸೆಲ್ಸ್, ಪ್ಯಾರಿಸ್ ನೋಡೋದು ಹೇಗೆ ಅಂತ ಕೇಳಿದ್ದೆ ಅಲ್ವಾ, ಹೋಗಿ ಬಂದೆ! ರೈಲ್ ಪಾಸ್ (ಒಂದೇ ಪಾಸಿನಲ್ಲಿ ಹಲವು ರೈಲುಗಳಲ್ಲಿ ಓಡಾಡೋದು) ತಗೊಳ್ಳಿ ಅಂತ ಕೆಲವರು ಕೊಟ್ಟ ಸಲಹೆ ನನಗೆ ಹೊಂದಲಿಲ್ಲ. ಬ್ರಸೆಲ್ಸ್‌ನಿಂದ ಪ್ಯಾರಿಸ್‌ಗೆ ಹೋಗುವ ವೇಗದ ರೈಲಿನಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಡಬೇಕು, ಎರಡೇ ಊರಿಗೆ ಅದು ಜಾಸ್ತಿ. ಕೆಲಸಕ್ಕೆ ಬಂದಿದ್ದು ರಾತ್ರಿ ಬಸ್ಸು. ಎರಡು ಗಂಟೆ ತಡವಾಯಿತು, ಆದರೆ ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯಿತು. ಅಡುಗೆಮನೆ ಇರುವ ಹಾಸ್ಟೆಲ್ ಹಿಡಿಯಿರಿ ಅಂದವರಿಗೆ ದೊಡ್ಡ ಥ್ಯಾಂಕ್ಸ್, ಅಮ್ಮ ಕಳಿಸಿದ್ದ ಪುಳಿಯೋಗರೆ ಗೊಜ್ಜಿನಲ್ಲೇ ಮೂರು ರಾತ್ರಿ ಊಟ ಆಯಿತು.

ನನಗೆ ಗೊತ್ತೇ ಇರದಿದ್ದ ವಿಷಯ ಒಂದಿದೆ. ಯುರೋಪಿಯನ್ ಒಕ್ಕೂಟದಲ್ಲಿ ವಾಸವಿರುವ 26 ವರ್ಷದೊಳಗಿನವರಿಗೆ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಉಚಿತ! ಪಾಸ್‌ಪೋರ್ಟ್ ಭಾರತದ್ದಾದರೂ ಪರವಾಗಿಲ್ಲ, ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ತೋರಿಸಿದೆ, ಒಳಗೆ ಬಿಟ್ಟರು. ಮಂಗಳವಾರ ಮಾತ್ರ ಹೋಗಬೇಡಿ, ಅವತ್ತು ರಜೆ.