ಹಾಡಿಗಳಲ್ಲಿ ಹೆಣ್ಣುಮಕ್ಕಳ ಹಕ್ಕಿನ ಕೆಲಸ: ಎಲ್ಲಿಂದ ಶುರು ಮಾಡಲಿ?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಜೇನುಕುರುಬ ಆದಿವಾಸಿಗಳ ಹಾಡಿಗಳಲ್ಲಿ, ಅಂದರೆ ಅವರ ಚಿಕ್ಕ ಊರುಗಳಲ್ಲಿ, ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಗೆ ಸೇರುತ್ತಿದ್ದೇನೆ. ಬಾಲ್ಯವಿವಾಹ ತಡೆಯೋದು, ಹುಡುಗಿಯರು ಶಾಲೆ ಬಿಡದಂತೆ ನೋಡಿಕೊಳ್ಳೋದು, ಹೆಂಗಸರಿಗೆ ಕಾನೂನು ತಿಳಿಸೋದು ನನ್ನ ಕೆಲಸ. ನಾನು ಮಂಡ್ಯದವಳು, ಆದಿವಾಸಿ ಸಮುದಾಯದವಳಲ್ಲ. ಮೊದಲ ವರ್ಷ ಏನು ಮಾಡಬೇಕು, ಏನು ಮಾಡಬಾರದು? ಅನುಭವ ಇರುವವರು ದಯವಿಟ್ಟು ಹೇಳಿ.

ಹುಣಸೂರು ಕಡೆಯ ಸಂಘಟಕಿ:

ಶುರುವಿನಲ್ಲೇ ಬಾಲ್ಯವಿವಾಹದ ಮೇಲೆ ಭಾಷಣ ಬೇಡ. ಮದುವೆ ಕಣ್ಣೆದುರೇ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರಿವು ಮೂಡಿಸುವ ಸಭೆಯಿಂದ ಕೆಲಸ ಶುರುಮಾಡಿದರೆ ನೀವೂ ಬಂದು ಹೇಳಿ ಹೋಗುವವರ ಸಾಲಿಗೆ ಸೇರುತ್ತೀರಿ. ನಾಗರಹೊಳೆ ಕಾಡಿನಿಂದ ಎಬ್ಬಿಸಿದ ಕುಟುಂಬಗಳು ಈ ತಾಲ್ಲೂಕುಗಳಲ್ಲಿ ಎಷ್ಟೋ ಇವೆ. ಆ ಮನೆಗಳ ಹೆಂಗಸರ ಪಾಲಿಗೆ ಕಾನೂನು ಎಂದರೆ ಜೇನು, ಗೆಡ್ಡೆಗೆಣಸಿಗೆ ಹೋದಾಗ ತಡೆದು ನಿಲ್ಲಿಸಿದ ಗಾರ್ಡು. ಅದೇ ಕಾನೂನು ನಿಮ್ಮ ರಕ್ಷಣೆಗೆ ಇದೆ ಅಂತ ನೀವು ಹೇಳಿದರೆ ಅವರು ಯಾಕೆ ನಂಬಬೇಕು?

ನಾನು ಮಹಿಳಾ ಸಮಖ್ಯ ಎಂಬ ಸರ್ಕಾರಿ ಮಹಿಳಾ ಶಿಕ್ಷಣ ಕಾರ್ಯಕ್ರಮದ ಸಂಘಗಳಲ್ಲಿ ಈ ಕೆಲಸ ಕಲಿತವಳು. ಕರ್ನಾಟಕದಲ್ಲಿ ಅದು 1989ರಲ್ಲಿ ಶುರುವಾಯಿತು, 2016ರಲ್ಲಿ ಕೇಂದ್ರದ ಅನುದಾನ ನಿಂತಿತು. ಸಾಲ ಕೊಡೋದಲ್ಲ, ಹೆಂಗಸರು ಕೂತು ತಮ್ಮ ಊರಿನ ವಿಷಯ ತಾವೇ ತೀರ್ಮಾನ ಮಾಡೋದು ಅಲ್ಲಿ ಮುಖ್ಯವಾಗಿತ್ತು. ಇವತ್ತಿಗೂ ನನಗೆ ಅದಕ್ಕಿಂತ ಒಳ್ಳೆ ದಾರಿ ಕಂಡಿಲ್ಲ.

ಹಾಗಾಗಿ ಮೊದಲು ಕಾಗದಪತ್ರ ಹಿಡಿಯಿರಿ. ಯಾರಿಗೆ ಜಾತಿ ಪ್ರಮಾಣಪತ್ರ ಇಲ್ಲ, ಯಾವ ಸೊಸೆಯ ಹೆಸರು ಪಡಿತರ ಚೀಟಿಗೆ ಸೇರಿಲ್ಲ, ಗೃಹಲಕ್ಷ್ಮಿಯ ಎರಡು ಸಾವಿರ ಯಾರ ಖಾತೆಗೆ ಬರುತ್ತಿಲ್ಲ, ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಕಿಟ್ಟಿನಲ್ಲಿ ಏನು ಕಡಿಮೆ ಬಂತು, ಕೇಳಿ ಬರೆದುಕೊಳ್ಳಿ. ನಾಡಕಚೇರಿಗೆ ನೀವೊಬ್ಬರೇ ಹೋಗಬೇಡಿ, ಅವರಲ್ಲಿ ಇಬ್ಬರು ಮೂವರನ್ನು ಜೊತೆಗೆ ಕರೆದುಕೊಂಡು ಹೋಗಿ. ಈಗ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ದಿನದ ಕೂಲಿ ಹೋಗುತ್ತದೆ, ಅದನ್ನು ಸಂಸ್ಥೆಯ ಲೆಕ್ಕದಲ್ಲಿ ಭರಿಸಿಕೊಡಿ. ಕಚೇರಿಯ ಮೇಜಿನ ಮುಂದೆ ಒಮ್ಮೆ ಬಾಯಿಬಿಟ್ಟು ಮಾತಾಡಿದ ಹೆಂಗಸು ಹಾಡಿಯಲ್ಲಿ ಯಜಮಾನನ ಮುಂದೆಯೂ ಮಾತಾಡುತ್ತಾಳೆ. ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಅವರಾಗಿಯೇ ಮೊದಲು ಎತ್ತುವ ವಿಷಯ ಬಹುಮಟ್ಟಿಗೆ ಕುಡಿತ. ಸಾರಾಯಿ 2007ರಲ್ಲೇ ನಿಷೇಧವಾಗಿದ್ದರೂ ಪೆಟ್ಟಿಗೆ ಅಂಗಡಿಯಲ್ಲಿ ಮದ್ಯದ ಪ್ಯಾಕೆಟ್ ಸಿಗುತ್ತದೆ. ಅದು ನಮ್ಮ ಯೋಜನೆಯಲ್ಲಿಲ್ಲ ಅಂತ ಪಕ್ಕಕ್ಕಿಡಬೇಡಿ. ಹೊಡೆತದ ಮಾತು, ಹುಡುಗಿಯರ ಭಯದ ಮಾತು ಎಲ್ಲ ಅದರ ಹಿಂದೆಯೇ ಬರುತ್ತದೆ. ಸಭೆ ರಾತ್ರಿ ಊಟದ ಹೊತ್ತಿಗೆ ಮುಂಚೆ ಇಡಿ. ಡಿಸೆಂಬರಿನಿಂದ ಕೊಡಗಿನ ಕಾಫಿ ಕೊಯ್ಲಿಗೆ ಹಾಡಿಯೇ ಖಾಲಿಯಾಗುತ್ತದೆ, ಆಗ ಯಾವ ತರಬೇತಿಯನ್ನೂ ಹಾಕಿಕೊಳ್ಳಬೇಡಿ.

ಬಿಳಿಗಿರಿರಂಗನ ಬೆಟ್ಟದ ನರ್ಸ್, ಸೋಲಿಗ ಸಮುದಾಯದವರು:

ಅಕ್ಕ ಹೇಳಿದ್ದು ಸರಿ. ನಾನು ಕಷ್ಟದ ವಿಷಯ ಹೇಳುತ್ತೇನೆ. ನಮ್ಮಲ್ಲಿ ಬಹಳ ಸಲ ಅಪ್ಪ ಅಮ್ಮ ಬಲವಂತದಿಂದ ಮದುವೆ ಮಾಡೋದಲ್ಲ. ಹುಡುಗ ಹುಡುಗಿ ಒಪ್ಪಿ ಹೊರಟುಹೋಗುತ್ತಾರೆ, ತಿರುಗಿ ಬಂದಾಗ ಕುಲದ ಹಿರಿಯರು ತಪ್ಪು (ದಂಡ) ಕಟ್ಟಿಸಿ ಸೇರಿಸಿಕೊಳ್ಳುತ್ತಾರೆ. ಹುಡುಗಿಗೆ ಹದಿನಾರೋ ಹದಿನೇಳೋ ಇರುತ್ತದೆ. ಬಸುರಿಯಾಗಿ ಆಸ್ಪತ್ರೆಗೆ ಬಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಹುಡುಗ ಜೈಲಿಗೆ, ಹುಡುಗಿ ಬಾಲಮಂದಿರಕ್ಕೆ. ಈ ಸುದ್ದಿ ಒಂದು ಪೋಡಿನಿಂದ (ಸೋಲಿಗರ ಊರಿನಿಂದ) ಇನ್ನೊಂದಕ್ಕೆ ಹಬ್ಬಿದ ಮೇಲೆ ಚಿಕ್ಕ ವಯಸ್ಸಿನ ಬಸುರಿಯರು ಆಸ್ಪತ್ರೆಯಲ್ಲಿ ಬಸುರಿಯರ ಹೆಸರು ನೋಂದಾಯಿಸುವ ತಾಯಿ ಕಾರ್ಡೇ ಮಾಡಿಸೋದಿಲ್ಲ. ರಕ್ತಹೀನತೆ ಇರುತ್ತದೆ, ನಮ್ಮ ಜನರಲ್ಲಿ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯದ ರಕ್ತದ ಕಾಯಿಲೆಯೂ ಇದೆ, ನೋವು ಬಂದ ಮೇಲೆ ಓಡಿ ಬರುತ್ತಾರೆ. ಆ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿಯೋದು ಬಹಳ ಕಡಿಮೆ.

ಕಾನೂನು ಬೇಡ ಅಂತಿಲ್ಲ. ತೋಟದಲ್ಲಿ, ಬಂದುಹೋಗುವ ಮೇಸ್ತ್ರಿಯಿಂದ ಮೋಸಹೋದ ಹುಡುಗಿಯರೂ ಇದ್ದಾರೆ. ಅವರಿಗೆ ಅದೇ ಕಾನೂನು ಬೇಕೇಬೇಕು. ಹಿರಿಯರು ತಪ್ಪು ಕಟ್ಟಿಸಿ ಮುಚ್ಚಿಹಾಕುವುದನ್ನು ನಾನು ಒಪ್ಪೋದಿಲ್ಲ. ಆದರೆ ಹುಡುಗಿಯರು ಹನ್ನೆರಡು ಹದಿಮೂರರಲ್ಲಿ ಇರುವಾಗಲೇ ಮೈಯ ಬಗ್ಗೆ, ಮುಟ್ಟಿನ ಬಗ್ಗೆ, ಬಸುರಿನ ಬಗ್ಗೆ ಅವರ ಹತ್ತಿರ ಕೂತು ಮಾತಾಡುವವರು ಬೇಕು. ಆ ಮಾತನ್ನು ನಮ್ಮ ಪೋಡಿನವಳೇ ಆಡಿದರೆ ಕೇಳುತ್ತಾರೆ. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇಲ್ಲಿ ಆದಿವಾಸಿ ಹುಡುಗಿಯರಿಗೇ ನರ್ಸಿಂಗ್ ತರಬೇತಿ ಕೊಟ್ಟದ್ದರಿಂದ ಎಷ್ಟು ಬದಲಾಯಿತು ಅನ್ನೋದು ಈ ಬೆಟ್ಟದಲ್ಲಿ ಇರುವವರಿಗೆ ಗೊತ್ತು.

ಚಾಮರಾಜನಗರದ ವಕೀಲೆ:

ಮೇಲಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಪೋಕ್ಸೊ ಪ್ರಕರಣವನ್ನು ವರದಿ ಮಾಡದಿದ್ದರೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು, ಹಾಗಾಗಿ ಮುಚ್ಚಿಡುವ ಸಲಹೆಯನ್ನು ಯಾರಿಗೂ ಕೊಡಬೇಡಿ. ಆದರೆ ವರದಿಯ ನಂತರ ಹುಡುಗಿಗೆ ಏನೇನು ಸಿಗಬೇಕು ಅನ್ನೋದನ್ನು ಕಲಿತಿಟ್ಟುಕೊಳ್ಳಿ. ತುರ್ತು ಚಿಕಿತ್ಸೆಗೆ ಮೊದಲು ದೂರಿನ ಪ್ರತಿ ತನ್ನಿ ಅಂತ ಆಸ್ಪತ್ರೆ ಕೇಳುವ ಹಾಗಿಲ್ಲ. ಮಕ್ಕಳ ಕಲ್ಯಾಣ ಸಮಿತಿ ಅವಳಿಗೆ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು. ಆ ಜಾಗಕ್ಕೆ ಅವಳ ಭಾಷೆ ಬಲ್ಲವರನ್ನೇ ಕೇಳಿ, ಇದಕ್ಕಾಗಿ ಜಗಳ ಆಡಬೇಕಾದರೂ ಆಡಿ. ಗರ್ಭಪಾತ ಬಯಸುವ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ವೈದ್ಯರು ವರದಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಈ ತೀರ್ಪಿನ ಪ್ರತಿ ನಿಮ್ಮ ಚೀಲದಲ್ಲಿರಲಿ, ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ತೋರಿಸಲು ಬೇಕಾಗುತ್ತದೆ.

ಮನೆಯೊಳಗಿನ ಹೊಡೆತದ ಪ್ರಕರಣಕ್ಕೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಹೆಂಗಸರಿಗೂ ಪರಿಶಿಷ್ಟ ಪಂಗಡದವರಿಗೂ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ, 15100ಕ್ಕೆ ಕರೆ ಮಾಡಿ.

ಹಳಿಯಾಳದಿಂದ, ಸಿದ್ದಿ ಸಮುದಾಯದ ಕಾರ್ಯಕರ್ತೆ:

ಜಮೀನಿನ ಮಾತು ಯಾರೂ ಎತ್ತಿಲ್ಲ! ಅರಣ್ಯ ಹಕ್ಕು ಕಾಯ್ದೆಯಲ್ಲಿ ಮದುವೆಯಾದವರಿಗೆ ಕಾಡಿನ ಜಮೀನಿನ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಬರಬೇಕು. ಆ ಹಕ್ಕಿನ ಅರ್ಜಿಗಳನ್ನು ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಅದರಲ್ಲೂ ಮೂರನೇ ಒಂದು ಹೆಂಗಸರು. ಕಾಗದದ ಮೇಲೆ ಹೆಸರು ಬರೆದು ಸಹಿ ಹಾಕಿಸಿಕೊಂಡು ಹೋಗುವ ಸಭೆಗಳೇ ಜಾಸ್ತಿ. ಸಮಿತಿಯಲ್ಲಿ ತನ್ನ ಹೆಸರಿದೆ ಅನ್ನೋದೇ ಗೊತ್ತಿಲ್ಲದ ಹೆಂಗಸರನ್ನು ಭೇಟಿಯಾಗಿದ್ದೇನೆ. ನೀವು ಹೋದ ಕಡೆ ಆ ಪಟ್ಟಿಯನ್ನು ಪಂಚಾಯಿತಿಯಲ್ಲಿ ಕೇಳಿ ತೆಗೆದುಕೊಂಡು ಹಾಡಿಯಲ್ಲಿ ಗಟ್ಟಿಯಾಗಿ ಓದಿ. ಕುಡಿದು ಬಂದ ಗಂಡ ಮನೆಯಿಂದ ಆಚೆ ಹೋಗು ಅಂದಾಗ, ಹಕ್ಕುಪತ್ರದಲ್ಲಿ ಹೆಸರಿರುವವಳು ಕೊಡುವ ಉತ್ತರವೇ ಬೇರೆ.

ಆಶ್ರಮ ಶಾಲೆಯ (ಆದಿವಾಸಿ ಮಕ್ಕಳ ಸರ್ಕಾರಿ ವಸತಿ ಶಾಲೆಯ) ಶಿಕ್ಷಕಿ:

ಹಲವು ಆಶ್ರಮ ಶಾಲೆಗಳು ಐದನೇ ತರಗತಿಗೇ ಮುಗಿಯುತ್ತವೆ. ಆರಕ್ಕೆ ಊರು ಬಿಟ್ಟು ಹಾಸ್ಟೆಲಿಗೆ ಹೋಗಬೇಕು, ಹುಡುಗಿಯರು ಕೈತಪ್ಪಿ ಹೋಗೋದು ಅಲ್ಲೇ. ಏಪ್ರಿಲ್ ಮೇ ತಿಂಗಳಲ್ಲೇ ಐದನೇ ತರಗತಿ ಮುಗಿಸಿದವರ ಮನೆಗೆ ಹೋಗಿ, ಹಾಸ್ಟೆಲ್ ಅಥವಾ ಕಸ್ತೂರಬಾ ಶಾಲೆಯ (ಹುಡುಗಿಯರ ಸರ್ಕಾರಿ ವಸತಿ ಶಾಲೆಯ) ಅರ್ಜಿ ತುಂಬಿಸಿ. ಒಂದೇ ಹಾಡಿಯ ಇಬ್ಬರು ಮೂವರನ್ನು ಒಂದೇ ಕಡೆ ಸೇರಿಸಿ. ಒಬ್ಬಳೇ ಹೋದವಳು ದಸರಾ ರಜೆಗೆ ಬಂದರೆ ತಿರುಗಿ ಹೋಗುವುದು ಅಪರೂಪ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ, ಜೇನುಕುರುಬರು:

ನಮ್ಮ ಕಡೆಗೇ ಬರುತ್ತಿದ್ದೀರಿ, ಸಂತೋಷ. ಮಹಿಳಾ ಗ್ರಾಮಸಭೆ ಮತ್ತು ಮಕ್ಕಳ ಗ್ರಾಮಸಭೆ ನಡೆಯುವ ದಿನ ಮೊದಲೇ ತಿಳಿದುಕೊಂಡು ನಮ್ಮ ಹುಡುಗಿಯರನ್ನು ಕರೆದುಕೊಂಡು ಬನ್ನಿ. ಶಾಲೆಗೆ ಹೋಗುವ ದಾರಿಯಲ್ಲಿ ಆನೆ ಕಾಟ ಇದೆ, ವಾಹನ ಬೇಕು ಅಂತ ಅವರೇ ಕೇಳಲಿ, ನಡಾವಳಿಯಲ್ಲಿ ಬರೆಸೋಣ. ಬರೆದಿದ್ದರೆ ನಾನು ಮುಂದಿನ ಸಭೆಯಲ್ಲಿ ಹಿಡಿದು ಕೇಳಬಹುದು.

ಫೋಟೊ ತೆಗೆಯುವ ಮುಂಚೆ ಕೇಳಿ. ಕೇಸು ಹಾಕಿಸಿದ ಮೇಲೆ ವರ್ಗ ಆಯಿತು ಅಂತ ಹೊರಟುಹೋಗಬೇಡಿ, ಹಾಗೆ ಹೋದವರಿಂದ ಹುಡುಗಿಯೊಬ್ಬಳು ಕೋರ್ಟಿಗೆ ಒಬ್ಬಳೇ ಅಲೆದದ್ದು ನಮಗೆ ಇನ್ನೂ ನೆನಪಿದೆ. ನಿಮ್ಮ ಸಂಸ್ಥೆಯವರಿಗೆ ಈಗಲೇ ಒಂದು ಮಾತು ಹೇಳಿಡಿ: ಮುಂದಿನ ಹುದ್ದೆ ಖಾಲಿಯಾದಾಗ ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿರುವ ನಮ್ಮ ಹುಡುಗಿಯರಲ್ಲಿ ಒಬ್ಬಳನ್ನು ತೆಗೆದುಕೊಳ್ಳಲಿ. ಸ್ವಯಂಸೇವಕಿ ಅಂತ ಅಲ್ಲ, ನಿಮಗೆ ಕೊಡುವಷ್ಟೇ ಸಂಬಳಕ್ಕೆ.