ಕೆರೆ ಏರಿ ಬುಡದಲ್ಲಿ ನೀರು ಜಿನುಗುತ್ತಿದೆ, ಮೊದಲು ಏನು ಮಾಡಬೇಕು?

ಬಯಲುಸೀಮೆ ರೈತ
ನಮ್ಮದು ಕೋಲಾರ ಜಿಲ್ಲೆಯ ಒಂದು ಹಳ್ಳಿ. ಊರ ಕೆರೆ ಬಹಳ ವರ್ಷ ಒಣಗಿ ಬಿದ್ದಿತ್ತು. ಈಚೆಗೆ ತುಂಬುತ್ತಿದೆ, ಬೇಸಿಗೆಯಲ್ಲೂ ಪೂರ್ತಿ ಬತ್ತುತ್ತಿಲ್ಲ. ಹೋದ ವಾರ ಕೆರೆ ತುಂಬಿ, ಹೆಚ್ಚಾದ ನೀರು ಹೊರಹೋಗುವ ಕೋಡಿ ಬಿತ್ತು. ಊರೆಲ್ಲ ಸೇರಿ ಪೂಜೆ ಮಾಡಿ ಬಾಗಿನ ಬಿಟ್ಟೆವು. ಆಮೇಲೆ ನೋಡಿದರೆ ಕಾಲುವೆಗೆ ನೀರು ಬಿಡುವ ತೂಬಿನ ಪಕ್ಕ, ಏರಿಯ ಹೊರಬದಿಯ ಬುಡದಲ್ಲಿ ನೆಲ ಒದ್ದೆಯಾಗಿದೆ. ಒಂದು ಕಡೆ ಬೆರಳು ಗಾತ್ರದ ನೀರು ಸಣ್ಣಗೆ ಉಕ್ಕುತ್ತಿದೆ. ಏರಿ ತುಂಬ ಬಳ್ಳಾರಿ ಜಾಲಿ, ಹೊಂಗೆ, ಎರಡು ದೊಡ್ಡ ಆಲದ ಮರ. ಪಂಚಾಯ್ತಿಯಲ್ಲಿ ಕೆಲವರು ಮರಗಳನ್ನೆಲ್ಲ ಜೆಸಿಬಿಯಲ್ಲಿ ಕಿತ್ತುಹಾಕೋಣ ಅಂತಾರೆ. ಇನ್ನು ಕೆಲವರು ಒದ್ದೆ ಜಾಗಕ್ಕೆ ಜೇಡಿಮಣ್ಣು ಬಡಿದು ಮುಚ್ಚೋಣ ಅಂತಾರೆ. ಏರಿ ಕೆಳಗೆ ಗದ್ದೆ ಬಯಲು, ಅದರಾಚೆ ಹೊಸ ಮನೆಗಳು, ಅಂಗನವಾಡಿ ಇವೆ. ತಿಳಿದವರು ಹೇಳಿ.

ಹಳೇ ಜೆಇ
ದಯವಿಟ್ಟು ಈಗ ಎರಡನ್ನೂ ಮಾಡಬೇಡಿ. ಹೊರಗಡೆಯಿಂದ ಜೇಡಿಮಣ್ಣು ಬಡಿದರೆ ನೀರು ನಿಲ್ಲುವುದಿಲ್ಲ. ಒಳಗೆ ಒತ್ತಡ ಏರಿ, ಬೇರೆ ಕಡೆ ದಾರಿ ಮಾಡಿಕೊಳ್ಳುತ್ತದೆ. ಮೊದಲು ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಒಂದೆರಡು ಗಂಟೆ ಅಲ್ಲಾಡಿಸದೆ ಇಡಿ. ನೀರು ತಿಳಿಯಾಗಿದ್ದರೆ ಬರೀ ಜಿನುಗು. ಅದು ಎಷ್ಟೋ ಮಣ್ಣಿನ ಏರಿಗಳಲ್ಲಿ ಇದ್ದದ್ದೇ, ಆದರೂ ದಿನಾ ಕಣ್ಣಿಡಬೇಕು. ತಳದಲ್ಲಿ ಮಣ್ಣು ಕೂತರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಅಂತ ಅರ್ಥ. ಅದು ಹೊರಗಿಂದ ಒಳಕ್ಕೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಒಂದು ಸಲ ಕೆರೆಯ ನೀರಿಗೆ ತಾಕಿತು ಅಂದರೆ ಕೆಲವೇ ಗಂಟೆಗಳಲ್ಲಿ ಏರಿ ಹೋಗಬಹುದು.

ನೀರು ಉಕ್ಕುವ ಜಾಗದ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹಾಕಿ. ನೀರು ಹೊರಗೆ ಬರಲಿ, ಮಣ್ಣು ಬರಬಾರದು. ಜೊತೆಗೆ ತೂಬು ಎತ್ತಿ ಕೆರೆ ಮಟ್ಟ ಇಳಿಸಿ. ಈ ಎರಡು ಕೆಲಸ ಇವತ್ತೇ ಆಗಲಿ. ಉಳಿದದ್ದು ಆಮೇಲೆ.

ಹೊಂಗೆ ನೆರಳು
ಸರ್, ಮರದ ವಿಷಯ ಕೈಬಿಟ್ಟಿದ್ದು ಒಳ್ಳೇದಾಯ್ತು. ನಮ್ಮ ಕಡೆಯೂ ಹೀಗೇ ಏರಿ ಭದ್ರ ಮಾಡ್ತೀವಿ ಅಂತ ಮರಗಳನ್ನೆಲ್ಲ ಉರುಳಿಸಿದರು. ಬೇರು ಮಣ್ಣನ್ನು ಹಿಡಿದುಕೊಳ್ಳುತ್ತೆ ಅಲ್ವಾ? ಹಿರಿಯರು ಸುಮ್ನೆ ನೆಟ್ಟಿದ್ದರಾ?

ಹಳೇ ಜೆಇ
ಮೇಡಂ, ಹುಲ್ಲಿನ ಬೇರು ಮಣ್ಣು ಹಿಡಿಯುತ್ತದೆ, ಒಪ್ಪಿದೆ. ಏರಿಗೆ ಗರಿಕೆಯಂಥ ರಕ್ಷಣೆ ಇನ್ನೊಂದಿಲ್ಲ. ದೊಡ್ಡ ಮರದ ಕಥೆ ಬೇರೆ. ಅದು ಸತ್ತರೆ ಬೇರು ಕೊಳೆತು ಒಳಗೆ ಕೊಳವೆ ಆಗುತ್ತದೆ. ಗಾಳಿಗೆ ಬಿದ್ದರೆ ಅರ್ಧ ಏರಿಯ ಮಣ್ಣನ್ನು ಬುಡಸಮೇತ ಎತ್ತಿಕೊಂಡೇ ಬೀಳುತ್ತದೆ. ಜಾಲಿ ಬೆಳೆದು ದಟ್ಟವಾದರೆ ಬಿಲ, ಹುತ್ತ, ಬಿರುಕು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಹಾಗಂತ ಬರೀ ಕಾಂಡ ಕಡಿದು ಬೇರು ಒಳಗೇ ಬಿಡುವುದು ಇನ್ನೂ ಕೆಟ್ಟದ್ದು. ಈಗ ಏರಿ ಕಣ್ಣಿಗೆ ಕಾಣುವಷ್ಟು ಜಾಲಿಯ ಕೊಂಬೆ ಮಾತ್ರ ಸವರಿ. ಆಲದ ಮರ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ನೋಡೋಣ. ತೆಗೆಯುವುದೇ ಆದರೆ ಬೇರನ್ನೂ ಅಗೆದು ತೆಗೆದು, ಒಳ್ಳೆ ಮಣ್ಣನ್ನು ಗೇಣುದ್ದದ ಪದರಗಳಾಗಿ ಹಾಕಿ, ನೀರು ಚಿಮುಕಿಸಿ, ಒಂದೊಂದು ಪದರವನ್ನೂ ದಮ್ಮಸ್ಸು ಮಾಡಬೇಕು. ಟಿಪ್ಪರ್‌ನಲ್ಲಿ ತಂದು ಸುರಿದು ಹೋದ ಮಣ್ಣು ಮೊದಲ ಮಳೆಗೇ ಕುಸಿಯುತ್ತದೆ.

ಹೊಂಗೆ ನೆರಳು
ಆಲದ ಮರಗಳನ್ನು ತೆಗೆಯುವ ಮಾತಿಗೆ ನಾನಂತೂ ಒಪ್ಪಲ್ಲ. ಅಷ್ಟು ವರ್ಷ ನಿಂತ ಮರ. ಅದರ ಬುಡದಲ್ಲಿ ಜಿನುಗಿದೆಯಾ ಅಂತ ಮೊದಲು ನೋಡಲಿ. ಇಲ್ಲದಿದ್ದರೆ ಬಿಡಲಿ.

ಶಾಸನ ಓದುಗ
ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಶಾಸನ 1369ರದ್ದು. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಒಳ್ಳೆ ಕೆರೆಗೆ ಹನ್ನೆರಡು ಅಂಗ, ಆರು ದೋಷ ಅಂತ ಅದರಲ್ಲಿ ಕೆತ್ತಿಸಿದ್ದಾರೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲಿ ಒಂದು. ಆರೂವರೆ ನೂರು ವರ್ಷದ ಹಿಂದೆಯೇ ಬರೆದಿಟ್ಟ ಮಾತನ್ನು ನಾವು ಇವತ್ತು ಪಂಚಾಯ್ತಿಯಲ್ಲಿ ‘ಏನಾಗಲ್ಲ ಬಿಡಿ’ ಅಂತ ತಳ್ಳಿಹಾಕಬಾರದು.

ರತ್ನಗಿರಿ ಕನ್ನಡಿಗ
‘ಏನಾಗಲ್ಲ’ ಅಂದದ್ದರ ಫಲ ಮಹಾರಾಷ್ಟ್ರದ ನಮ್ಮ ರತ್ನಗಿರಿ ಜಿಲ್ಲೆಯಲ್ಲಿ ಕಂಡಿದ್ದೇವೆ. ಚಿಪಳೂಣ ತಾಲ್ಲೂಕಿನ ತಿವರೆ. ಮಣ್ಣಿನ ಅಣೆಕಟ್ಟು, ಭಾರಿ ದೊಡ್ಡದೇನಲ್ಲ. 2019ರ ಜುಲೈ 2ರ ರಾತ್ರಿ ಒಡೆಯಿತು. ಕೆಳಗಿದ್ದ ಮನೆಗಳು ಕೊಚ್ಚಿಹೋದವು, ಇಪ್ಪತ್ತರ ಹತ್ತಿರ ಜನ ಸತ್ತರು. ಸೋರುತ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಒಡೆದ ಮೇಲೆ ಆಗಿನ ಸಚಿವರು ಏಡಿಗಳು ಕೊರೆದು ಹೀಗಾಯ್ತು ಅಂದರು. ಏಡಿ ಬಿಲ ತೋಡುತ್ತೆ ನಿಜ. ಆ ಬಿಲವನ್ನು ನೋಡಿ ಮುಚ್ಚಿಸಲು ಯಾರಿದ್ದರು ಅನ್ನೋದು ನನ್ನ ಪ್ರಶ್ನೆ.

ತುಮಕೂರು ಕಡೆಯವ
ಎಲ್ಲರೂ ಏರಿ ಬುಡವನ್ನೇ ಹಿಡಿದುಕೊಂಡಿದ್ದೀರಿ. ಕೋಡಿ ಹೇಗಿದೆ ಅಣ್ಣ? ಮಣ್ಣಿನ ಏರಿ ಒಡೆಯುವುದಕ್ಕೆ ಎರಡೇ ದೊಡ್ಡ ದಾರಿ. ಒಳಗಿಂದ ಕೊರೆಯುವುದು ಒಂದು, ಏರಿ ಮೇಲೆ ನೀರು ಹತ್ತಿ ಹರಿಯುವುದು ಇನ್ನೊಂದು. 2021ರ ನವೆಂಬರ್ ಮಳೆ ನೆನಪಿರಬೇಕಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕೆರೆಗಳೆಲ್ಲ ಒಟ್ಟಿಗೆ ಕೋಡಿ ಹರಿದವು. ಮೇಲಿನ ಕೆರೆ ಒಡೆದರೆ ಆ ನೀರು ಕೆಳಗಿನ ಕೆರೆಗೆ ನುಗ್ಗುತ್ತದೆ, ಅದೂ ಹೋಗುತ್ತದೆ. ನಮ್ಮ ಕೆರೆಗಳು ಸಾಲಾಗಿ ಇರುವುದೇ ಹಾಗೆ.

ಬಯಲುಸೀಮೆ ರೈತ
ಕೋಡಿ ಮೇಲೆ ಎರಡು ಸಾಲು ಮರಳು ಮೂಟೆ ಇಟ್ಟಿದ್ದಾರೆ, ನೀರು ಜಾಸ್ತಿ ನಿಲ್ಲಲಿ ಅಂತ. ಮೀನು ಹೋಗದ ಹಾಗೆ ಬಲೆಯೂ ಕಟ್ಟಿದ್ದಾರೆ. ಬಲೆಗೆ ಕಸ, ಜಾಲಿ ಕೊಂಬೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ.

ಹಳೇ ಜೆಇ
ಇದನ್ನು ಮೊದಲೇ ಹೇಳಬೇಕಿತ್ತು ತಮ್ಮಾ. ಮೂಟೆ, ಬಲೆ ಎರಡೂ ಇವತ್ತೇ ತೆಗೆಸಿ. ಕೋಡಿ ಮಟ್ಟಕ್ಕೂ ಏರಿ ತಲೆಗೂ ನಡುವೆ ಬಿಟ್ಟಿರುವ ಎತ್ತರ ದೊಡ್ಡ ಮಳೆ ಬಂದಾಗಿನ ಪ್ರವಾಹಕ್ಕೆ ಅಂತ ಇರೋದು. ಅದನ್ನು ನೀರು ಕೂಡಿಡಲು ಬಳಸಿದರೆ ಆ ರಾತ್ರಿಗೆ ಜಾಗ ಉಳಿಯುವುದಿಲ್ಲ. ಕಲ್ಲಿನ ಕೋಡಿ ಮೇಲೆ ನೀರು ಹರಿದರೆ ತಡೆಯುತ್ತದೆ. ಮಣ್ಣಿನ ಏರಿ ಮೇಲೆ ಹರಿದರೆ ತಡೆಯುವುದಿಲ್ಲ.

ಮೀನು ಸಾಕಣೆ
ನಾನೂ ಕೆರೆ ಹರಾಜಿನಲ್ಲಿ ಹಿಡಿದವನು, ಬೇರೆ ತಾಲ್ಲೂಕು. ಬಲೆ ತೆಗೆಸಿ ಅನ್ನೋದು ಸುಲಭ. ಸಾಲ ಮಾಡಿ ಮರಿ ಬಿಟ್ಟಿರ್ತೀವಿ. ಒಂದು ರಾತ್ರಿ ಕೋಡಿ ಹರಿದರೆ ಕಟ್ಲ, ರೋಹು ಎಲ್ಲ ಹಳ್ಳಕ್ಕೆ ಹೋಗುತ್ತೆ. ಹರಾಜಿನ ದುಡ್ಡು ಪಂಚಾಯ್ತಿ ವಾಪಸ್ ಕೊಡುತ್ತಾ?

ತುಮಕೂರು ಕಡೆಯವ
ನಿಮ್ಮ ನಷ್ಟ ಸುಳ್ಳಲ್ಲ. ಆದರೆ ಕೆಳಗೆ ಅಂಗನವಾಡಿ ಇದೆ. ಬಲೆ ಹಾಕಲೇಬೇಕು ಅಂದರೆ ಕೋಡಿ ಬಾಯಿಗೆ ಕಟ್ಟಬೇಡಿ. ಕೆರೆಯೊಳಗೆ ಸ್ವಲ್ಪ ಮುಂದಕ್ಕೆ, ಅಗಲವಾಗಿ, ದೊಡ್ಡ ಕಣ್ಣಿನ ಬಲೆ ಹಾಕಿ. ಮಳೆ ಬರುವಾಗ ಕಸ ತೆಗೆಯಲು ಆಳು ಇರಲಿ, ನೀರು ಏರಿದರೆ ಬಿಚ್ಚಿಬಿಡಲಿ. ಇದನ್ನು ಹರಾಜಿನ ಕರಾರಿನಲ್ಲೇ ಬರೆಸಬೇಕು.

ಕಾನೂನು ಕಣ್ಣು
2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಿದೆಯಲ್ಲ. ಅದರ ಪ್ರಕಾರ ತಪಾಸಣೆ ಕಡ್ಡಾಯ. ಅರ್ಜಿ ಹಾಕಿ.

ಹಳೇ ಜೆಇ
ಆ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಅಣೆಕಟ್ಟಿಗೆ. 10ರಿಂದ 15 ಮೀಟರ್ ಇದ್ದರೆ ಉದ್ದ 500 ಮೀಟರ್, ಇಲ್ಲವೇ ಸಂಗ್ರಹ 10 ಲಕ್ಷ ಘನ ಮೀಟರ್ ಇರಬೇಕು ಅನ್ನುವಂಥ ಷರತ್ತುಗಳಿವೆ. ನಮ್ಮ ಊರ ಕೆರೆಗಳಲ್ಲಿ ಹೆಚ್ಚಿನವು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ, ಕಮ್ಮಿ ಇದ್ದರೆ ಜಿಲ್ಲಾ ಪಂಚಾಯ್ತಿ. ನಿಮ್ಮದು ಯಾರ ಕೈಯಲ್ಲಿದೆ ನೋಡಿ, ಅಲ್ಲಿಗೆ ಲಿಖಿತವಾಗಿ ಕೊಡಿ. ತಹಶೀಲ್ದಾರರಿಗೂ ಒಂದು ಪ್ರತಿ.

ಇನ್ನೊಂದು ಮಾತು. ಹೂಳೆತ್ತಲು ಎಲ್ಲರೂ ದುಡ್ಡು ಕೊಡುತ್ತಾರೆ, ಫೋಟೋನೂ ಬರುತ್ತೆ. ಏರಿಯ ಮೇಲೆ ನಡೆದು ನೋಡಲು ಯಾರೂ ಕೊಡುವುದಿಲ್ಲ. ಹೂಳೆತ್ತುವ ನೆಪದಲ್ಲಿ ಏರಿ ಬುಡದವರೆಗೂ ಅಗೆದು, ನೀರು ತಡೆಯುತ್ತಿದ್ದ ಜೇಡಿಯ ಪದರವನ್ನೇ ಕಿತ್ತ ಕೆರೆಗಳನ್ನು ನೋಡಿದ್ದೇನೆ. ಆಮೇಲೆ ಅಲ್ಲೇ ಸೋರಿಕೆ ಶುರು. ವರ್ಷಾನುಗಟ್ಟಲೆ ಒಣಗಿ ಬಿರುಕು ಬಿಟ್ಟ ಏರಿಗೆ ಒಮ್ಮೆಲೇ ತುಂಬು ಕೆರೆಯ ಭಾರ ಬಿದ್ದಾಗ ಇಂಥವೆಲ್ಲ ಹೊರಗೆ ಬರುತ್ತವೆ.

ನೀರಗಂಟಿ ಮನೆಯವಳು
ನಮ್ಮ ಮಾವ ನೀರಗಂಟಿ, ಕೆರೆ ಕಾಯ್ದು ತೂಬಿನ ನೀರು ಬಿಡೋರು. ಮಳೆಗಾಲದಲ್ಲಿ ಬೆಳಗ್ಗೆ ಏರಿ ಈ ತುದಿಯಿಂದ ಆ ತುದಿಗೆ ನಡೆಯೋರು. ಹೆಗ್ಗಣದ ಬಿಲ ಕಂಡರೆ ಗುದ್ದಲಿ ತಂದು ಅಗೆದು ಮುಚ್ಚೋರು. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ರಾಗಿ, ಭತ್ತ ಅಳೆದು ಕೊಡುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ತೂಬಿನ ನೀರು ಯಾರಿಗೂ ಬೇಡವಾಯ್ತು, ಧಾನ್ಯವೂ ನಿಂತಿತು. ಈಗ ಕೆರೆ ಮತ್ತೆ ತುಂಬಿದೆ, ನೋಡೋರಿಲ್ಲ. ಪಂಚಾಯ್ತಿ ಮಳೆಗಾಲಕ್ಕಾದರೂ ಒಬ್ಬರಿಗೆ ಸಂಬಳ ಕೊಟ್ಟು ಇಡಲಿ.

ತುಮಕೂರು ಕಡೆಯವ
ಸಂಬಳ ಒಂದೇ ಸಾಲದು ಅಕ್ಕ. ತೂಬು ಎತ್ತುವ ಅಧಿಕಾರವೂ ಇರಬೇಕು. ಇಲ್ಲದಿದ್ದರೆ ಒಬ್ಬ ಎತ್ತು ಅಂತಾನೆ, ಇನ್ನೊಬ್ಬ ಮುಚ್ಚು ಅಂತಾನೆ, ಮಧ್ಯದಲ್ಲಿ ಅವನು ಒದೆ ತಿನ್ನಬೇಕು.

ಬಯಲುಸೀಮೆ ರೈತ
ಬಾಟಲಿ ಇಟ್ಟಿದ್ದೆ. ತಳದಲ್ಲಿ ಕೆಂಪು ಮಣ್ಣು ತೆಳುವಾಗಿ ಕೂತಿದೆ. ಮರಳು, ಜಲ್ಲಿ ಹಾಕಿಸಿದ್ದೇವೆ. ಕೋಡಿ ಮೂಟೆ ತೆಗೆದಾಯ್ತು. ಬಲೆಯವರ ಜೊತೆ ಜಗಳ ಆಯ್ತು, ಕೊನೆಗೆ ಅವರೇ ಬಿಚ್ಚಿದರು. ತೂಬಿನ ತಿರುಪು ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ.

ಹಳೇ ಜೆಇ
ಮಣ್ಣು ಬರುತ್ತಿದೆ ಅಂದರೆ ಕಾಯಬೇಡಿ. ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್), ತಹಶೀಲ್ದಾರರಿಗೆ ಈಗಲೇ ಫೋನ್ ಮಾಡಿ. ಕೆಳಗಿನ ಮನೆಯವರಿಗೆ ಹೇಳಿ, ರಾತ್ರಿ ಶಾಲೆಯಲ್ಲೋ ನೆಂಟರ ಮನೆಯಲ್ಲೋ ಮಲಗಲಿ. ತಿರುಪು ಬಿಡದಿದ್ದರೆ ಪಂಪ್ ಇಟ್ಟು ನೀರು ಇಳಿಸಿ. ಏರಿಗೆ ಮಾತ್ರ ನೀವಾಗಿ ಜೆಸಿಬಿ ಇಡಬೇಡಿ. 2022ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯ ಕಾರಂ ಅಣೆಕಟ್ಟು ಸೋರಿದಾಗ ಕೆಳಗಿನ ಹಳ್ಳಿಗಳನ್ನು ಖಾಲಿ ಮಾಡಿಸಿ, ಪಕ್ಕದಲ್ಲಿ ಕಾಲುವೆ ತೋಡಿ ನೀರು ಬಿಟ್ಟರು. ಹಾಗೆ ತೋಡುವುದಾದರೂ ಎಂಜಿನಿಯರ್ ನಿಂತು ಜಾಗ ತೋರಿಸಬೇಕು.

ಬಯಲುಸೀಮೆ ರೈತ
ಎಇಇ ಬಂದಿದ್ದಾರೆ. ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ, ನಾಲ್ಕು ಜನ ಸೇರಿ ತಿರುಪು ತಿರುಗಿಸಿದೆವು. ತೂಬು ಅರ್ಧ ಎದ್ದಿದೆ, ನೀರು ಕಾಲುವೆಯಲ್ಲಿ ಹೋಗುತ್ತಿದೆ. ಕೆಳಗಿನ ಮನೆಯವರು ಶಾಲೆಗೆ ಬಂದಿದ್ದಾರೆ. ಆದರೆ ಕಾಲುವೆ ಮುಚ್ಚಿ ರಾಗಿ ಹಾಕಿದವರ ಹೊಲಕ್ಕೆ ನೀರು ನುಗ್ಗಿದೆ. ತೂಬು ಇಳಿಸಿ ಅಂತ ಅವರು ಏರಿ ಮೇಲೆ ಕೂತಿದ್ದಾರೆ. ಅವರಿಗೆ ಬೆಳೆ ಪರಿಹಾರ ಕೊಡಿಸಲು ದಾರಿ ಇದ್ದರೆ ಯಾರಾದರೂ ಬೇಗ ಹೇಳಿ.